ಫ್ಲೋರೈಡ್ ನೀರಿನ ಊರಿನಲ್ಲಿ ಮಳೆನೀರಿನ ತೊಟ್ಟಿ: ಸ್ವಯಂಸೇವಕ ಎಂಜಿನಿಯರುಗಳಿಗೊಂದು ಮಾರ್ಗದರ್ಶಿ

ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ತಾಲ್ಲೂಕುಗಳ ಎಷ್ಟೋ ಊರುಗಳಲ್ಲಿ ಕೊಳವೆಬಾವಿಯ ನೀರು ನೋಡಲು ತಿಳಿಯಾಗಿರುತ್ತದೆ, ವಾಸನೆಯೂ ಇರುವುದಿಲ್ಲ. ಆದರೂ ವರ್ಷಗಟ್ಟಲೆ ಅದನ್ನೇ ಕುಡಿದವರ ಕೀಲುಗಳು ಹಿಡಿದುಕೊಳ್ಳುತ್ತವೆ, ಕೆಲವರ ಬೆನ್ನು ಬಾಗುತ್ತದೆ, ಅದನ್ನು ಕುಡಿದು ಬೆಳೆದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಖನಿಜಗಳಲ್ಲಿರುವ ಫ್ಲೋರೈಡ್ ನಿಧಾನವಾಗಿ ಅಂತರ್ಜಲಕ್ಕೆ ಕರಗುತ್ತದೆ. ಕೊಳವೆಬಾವಿ ಆಳಕ್ಕಿಳಿದಂತೆ ಸಿಗುವ ನೀರು ಬಂಡೆಯ ನಡುವೆ ಹೆಚ್ಚು ಕಾಲ ನಿಂತದ್ದಾಗಿರುವುದರಿಂದ ಅದರ ಪ್ರಮಾಣ ಸಾಮಾನ್ಯವಾಗಿ ಏರುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ ಕ್ಲೋರಿನ್ ಹಾಕುವುದರಿಂದಲೂ ಪ್ರಯೋಜನವಿಲ್ಲ. ಅದೇ ಊರಿನ ಮನೆಗಳ ಮೇಲೆ ಬೀಳುವ ಮಳೆಯಲ್ಲಿ ಮಾತ್ರ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ.

ರಜೆಯ ದಿನಗಳನ್ನು ಇಂಥ ಊರುಗಳಿಗೆ ಕೊಡಲು ಸಿದ್ಧರಿರುವ ಎಂಜಿನಿಯರುಗಳಿಗೂ, ಎಂಜಿನಿಯರಿಂಗ್ ಕಾಲೇಜುಗಳ ತಂಡಗಳಿಗೂ ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಇದರ ಗುರಿ ಚಿಕ್ಕದು: ಒಂದು ಕುಟುಂಬಕ್ಕೆ ವರ್ಷವಿಡೀ ಕುಡಿಯುವುದಕ್ಕೂ ಅಡುಗೆಗೂ ಬೇಕಾದಷ್ಟು ಮಳೆನೀರನ್ನು ಒಂದೇ ತೊಟ್ಟಿಯಲ್ಲಿ ಹಿಡಿದಿಡುವುದು. ಸ್ನಾನಕ್ಕೆ, ಬಟ್ಟೆಗೆ, ದನಕರುಗಳಿಗೆ ಕೊಳವೆಬಾವಿಯ ನೀರೇ ಮುಂದುವರಿಯಲಿ. ಎಲ್ಲ ಬಳಕೆಗೂ ನೀರು ಕೊಡುತ್ತೇವೆಂದು ಹೊರಟರೆ ಜನವರಿಯಲ್ಲೇ ತಳ ಕಾಣುವ ತೊಟ್ಟಿಯನ್ನು ಕಟ್ಟಿಕೊಟ್ಟಂತಾಗುತ್ತದೆ, ಬೇಸಿಗೆಯಲ್ಲಿ ಮನೆಯವರು ಮತ್ತೆ ಹಳೆಯ ನೀರಿಗೇ ಮರಳುತ್ತಾರೆ.

ನೀರನ್ನು ಪರೀಕ್ಷಿಸಿ, ಪಂಚಾಯಿತಿಯನ್ನು ವಿಚಾರಿಸಿ

ಊರಿನ ಪ್ರತಿಯೊಂದು ಕೊಳವೆಬಾವಿಯ ನೀರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಏಕೆಂದರೆ ನೂರು ಮೀಟರ್ ಅಂತರದ ಎರಡು ಬಾವಿಗಳಲ್ಲಿ ಫ್ಲೋರೈಡ್ ಪ್ರಮಾಣ ಎರಡು ಬಗೆಯಾಗಿರಬಹುದು. ಮಾದರಿಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತೆಗೆಯಿರಿ. ಫ್ಲೋರೈಡ್ ಪರೀಕ್ಷೆಗೆ ಗಾಜಿನ ಬಾಟಲಿ ಬೇಡ. ಬಣ್ಣ ಹೋಲಿಸಿ ನೋಡುವ ಫೀಲ್ಡ್ ಕಿಟ್ ಮೊದಲ ಅಂದಾಜಿಗೆ ಸಾಕು, ಆದರೆ ಕಟ್ಟುವ ನಿರ್ಧಾರಕ್ಕೆ ಮೊದಲು ಜಿಲ್ಲಾ ಪ್ರಯೋಗಾಲಯದ ವರದಿ ಕೈಯಲ್ಲಿರಬೇಕು. ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಾಗ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿಯೂ 1.5.

ಇದರ ಜೊತೆಗೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನೂ ನೀರುಗಂಟಿಯನ್ನೂ ಭೇಟಿ ಮಾಡಿ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಯೋಜನೆಯಲ್ಲಿ, ಅಂದರೆ ನಮ್ಮ ರಾಜ್ಯದ 'ಮನೆ ಮನೆಗೆ ಗಂಗೆ'ಯಲ್ಲಿ, ಆ ಮನೆಗೆ ನಲ್ಲಿ ಬಂದಿರಬಹುದು. ಆ ನಲ್ಲಿಗೆ ನೀರು ಎಲ್ಲಿಂದ ಬರುತ್ತಿದೆ ಎಂಬುದು ಮುಖ್ಯ ಪ್ರಶ್ನೆ. ಅದೇ ಹಳೆಯ ಕೊಳವೆಬಾವಿಯಿಂದ ಬರುತ್ತಿದ್ದರೆ ನಲ್ಲಿ ಹೊಸದು, ನೀರು ಹಳೆಯದು. ತುಂಗಭದ್ರಾ ಹಿನ್ನೀರಿನಿಂದ ಪಾವಗಡದ ಕಡೆಗೆ ತರುವಂಥ ಬಹುಗ್ರಾಮ ಯೋಜನೆಯ ನದಿನೀರು ಆ ಊರನ್ನು ತಲುಪಿದ್ದರೆ ಅಥವಾ ಬೇಗನೆ ತಲುಪುವುದು ಖಚಿತವಾಗಿದ್ದರೆ ನಿಮ್ಮ ಶ್ರಮವನ್ನು ಮುಂದಿನ ಊರಿಗೆ ಮೀಸಲಿಡಿ. ಕೊನೆಯ ಪೈಪು ತಲುಪದ ಹಟ್ಟಿಗಳು, ತಾಂಡಾಗಳು, ಹೊಲದ ನಡುವಿನ ಒಂಟಿ ಮನೆಗಳೇ ನಿಮ್ಮ ಕೆಲಸದ ನಿಜವಾದ ಜಾಗ.

ಮನೆಗಳನ್ನು ಆರಿಸುವುದು

ಆಯ್ಕೆ ಎಲ್ಲರೆದುರು ನಡೆಯಲಿ, ಮಾನದಂಡವನ್ನು ಮೊದಲೇ ಹೇಳಿಬಿಡಿ. ಶಾಶ್ವತ ಹಲ್ಲುಗಳ ಎನಾಮಲ್ ರೂಪುಗೊಳ್ಳುವುದು ಹೆಚ್ಚುಕಡಿಮೆ ಎಂಟನೆಯ ವರ್ಷದೊಳಗೆ. ಆ ವಯಸ್ಸಿನೊಳಗಿನ ಮಕ್ಕಳಿಗೆ ಒಳ್ಳೆಯ ನೀರು ಸಿಕ್ಕರೆ ಹಲ್ಲು ಉಳಿಯುತ್ತದೆ, ಮುಂದೆ ಮೂಳೆಗಳೂ ಉಳಿಯುತ್ತವೆ. ಬಾಗಿದ ಮೂಳೆಯನ್ನು ಒಳ್ಳೆಯ ನೀರು ನೇರ ಮಾಡಲಾರದು. ಆದ್ದರಿಂದ ಗರ್ಭಿಣಿಯರು, ಬಾಣಂತಿಯರು, ಚಿಕ್ಕ ಮಕ್ಕಳಿರುವ ಮನೆಗಳಿಗೆ ಆದ್ಯತೆ ಕೊಡಿ. ಅಂಥ ಮನೆಗಳು ಯಾವುವೆಂದು ಆಶಾ ಕಾರ್ಯಕರ್ತೆಯರಿಗೆ ಚೆನ್ನಾಗಿ ಗೊತ್ತಿರುತ್ತದೆ. ಪಾವಗಡ, ಬಾಗೇಪಲ್ಲಿಯ ಅನೇಕ ಮನೆಗಳ ಮಾತು ತೆಲುಗು, ಹಾಗಾಗಿ ತಂಡದಲ್ಲಿ ತೆಲುಗು ಬಲ್ಲವರೊಬ್ಬರಿರುವುದು ಅಗತ್ಯ. ಮನೆಯ ಯಜಮಾನರೊಡನೆ ಮಾತಾಡಿ ಬಂದುಬಿಡುವುದು ಸಾಲದು. ನೀರು ಹೊರುವವರು, ಅಡುಗೆ ಮಾಡುವವರು, ನಾಳೆ ತೊಟ್ಟಿ ತೊಳೆಯುವವರು ಬಹುಪಾಲು ಹೆಂಗಸರೇ. ಅವರೊಡನೆ ಅಡುಗೆಮನೆಯಲ್ಲೇ ಕುಳಿತು ಲೆಕ್ಕ ಹಾಕಬೇಕು.

ಎಷ್ಟು ನೀರು ಬೇಕು: ಬಿಂದಿಗೆಯಲ್ಲಿ ಲೆಕ್ಕ

ಎಂಜಿನಿಯರುಗಳು ಸಾಮಾನ್ಯವಾಗಿ ಎಡವುವುದು ಇಲ್ಲಿ. ಅನೇಕ ಮನೆಗಳಲ್ಲಿ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ನೀರು ತಂದು ಕುಡಿಯುತ್ತಾರೆ, ಅಡುಗೆಗೆ ಮಾತ್ರ ಬೋರಿನ ನೀರನ್ನೇ ಬಳಸುತ್ತಾರೆ. ಮುದ್ದೆಗೆ ಎಸರಿಟ್ಟ ನೀರು ಮುದ್ದೆಯಲ್ಲೇ ಉಳಿಯುತ್ತದೆ. ಅನ್ನ, ಬೇಳೆ, ಸಾರು, ಕಾಫಿ ಎಲ್ಲವೂ ಹಾಗೆಯೇ. ಕುಡಿಯುವ ನೀರನ್ನಷ್ಟೇ ಬದಲಾಯಿಸಿದರೆ ಫ್ಲೋರೈಡಿನ ದೊಡ್ಡ ಪಾಲು ತಟ್ಟೆಯ ಮೂಲಕ ಒಳಗೆ ಹೋಗುತ್ತಲೇ ಇರುತ್ತದೆ. ಆದ್ದರಿಂದ ಅಡುಗೆಯ ನೀರನ್ನು ಬಿಟ್ಟು ಮಾಡಿದ ವಿನ್ಯಾಸವನ್ನು ಒಪ್ಪಲೇಬೇಡಿ.

ತಲೆಗೆ ದಿನಕ್ಕೆ 6 ಲೀಟರ್ ಎಂದು ಹಿಡಿದರೆ ಐದು ಜನರ ಮನೆಗೆ 30 ಲೀಟರ್, ಅಂದರೆ ಸುಮಾರು ಎರಡು ಬಿಂದಿಗೆ. ಹೊಲಕ್ಕೆ ಒಯ್ಯುವ ನೀರು ಇದರಲ್ಲಿ ಸೇರಿದೆಯೇ ಎಂದು ಕೇಳಿ. ಏಪ್ರಿಲ್ ಬಿಸಿಲಿನಲ್ಲಿ ಕೂಲಿಗೆ ಹೋಗುವವರು ಒಬ್ಬೊಬ್ಬರೇ ನಾಲ್ಕೈದು ಲೀಟರ್ ಕುಡಿಯುತ್ತಾರೆ. ಅಂಥವರು ಮನೆಯಲ್ಲಿ ಹೆಚ್ಚಿದ್ದರೆ ಲೆಕ್ಕವನ್ನು ಹೆಚ್ಚಿಸಿ.

ಇನ್ನು ಮಳೆಯ ಕಡೆ ನೋಡೋಣ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸರಾಸರಿ ಮಳೆಯನ್ನು ನಂಬಿ ಕಟ್ಟಬಾರದು, ಬರದ ವರ್ಷವನ್ನು ಹಿಡಿದು ಕಟ್ಟಬೇಕು. ಪಾವಗಡದಂಥ ಕಡೆ 350 ಮಿ.ಮೀ. ಮಳೆಯಷ್ಟೇ ಆಯಿತೆಂದು ಇಟ್ಟುಕೊಳ್ಳಿ. 40 ಚದರ ಮೀಟರ್ ಮಾಡು, ಅದರಲ್ಲಿ ಶೇಕಡಾ 80ರಷ್ಟು ನೀರು ಕೈಗೆ ಸಿಕ್ಕರೆ 11,200 ಲೀಟರ್ ಆಗುತ್ತದೆ. ಐದು ಜನರ ಮನೆಯ ವರ್ಷದ ಅಗತ್ಯ 10,950 ಲೀಟರ್. ಅಂದರೆ ಒಂದು ಸಾಧಾರಣ ಮನೆಯ ಮಾಡು ಕೆಟ್ಟ ವರ್ಷದಲ್ಲೂ ಸಾಕಾಗುತ್ತದೆ.

ತೊಟ್ಟಿಯ ಗಾತ್ರವನ್ನು ನಿರ್ಧರಿಸುವುದು ಮಳೆಯಿಲ್ಲದ ದಿನಗಳು. ಈ ಸೀಮೆಯಲ್ಲಿ ಒಳ್ಳೆಯ ಮಳೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ನವೆಂಬರ್ ಮಧ್ಯದಿಂದ ಜೂನ್ ಮಧ್ಯದವರೆಗೆ 212 ದಿನ ಹಿಡಿದರೆ 6,360 ಲೀಟರ್ ಬೇಕು. ನಡುವೆ ಬರುವ ಬೇಸಿಗೆ ಮಳೆಯನ್ನು ಲೆಕ್ಕಕ್ಕೆ ಸೇರಿಸಬೇಡಿ, ಬಂದರೆ ಲಾಭ. ನಲ್ಲಿಯ ಮಟ್ಟದಿಂದ ಮೇಲೆ 7,000 ಲೀಟರ್ ನಿಲ್ಲುವ ತೊಟ್ಟಿ ಸೂಕ್ತ.

ಮಾಡು ಯಾವುದು

ಆರ್‌ಸಿಸಿ, ಹಂಚು, ಜಿಂಕ್ ಶೀಟು ಮೂರೂ ಆಗುತ್ತವೆ. ಕಲ್ಲುಚಪ್ಪಡಿಯ ಮನೆಗಳಾದರೆ ಚಪ್ಪಡಿಗಳ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿ, ಒಂದು ಬದಿಗೆ ಇಳಿಜಾರು ಮಾಡಿಕೊಡಬೇಕು. ಮಣ್ಣಿನ ಮಾಳಿಗೆ ಮತ್ತು ಗುಡಿಸಲಿನ ನೀರು ಕುಡಿಯಲು ಯೋಗ್ಯವಲ್ಲ. ಅಂಥ ಮನೆಯಾದರೆ ಅಂಗಳದಲ್ಲಿ ಕಂಬ ನೆಟ್ಟು ಶೀಟು ಹೊದಿಸಿದ ಚಪ್ಪರವನ್ನೇ ನೀರು ಹಿಡಿಯಲು ಕಟ್ಟಬಹುದು, ಕೆಳಗೆ ನೆರಳೂ ಸಿಗುತ್ತದೆ. ಕಲ್ನಾರಿನ ಹಳೆಯ ಶೀಟು ಪುಡಿಯೇಳುತ್ತಿದ್ದರೆ ಅದನ್ನು ಬಿಟ್ಟುಬಿಡಿ. ಅದನ್ನು ಕೊರೆಯುವುದು, ಕತ್ತರಿಸುವುದು, ಒಣಗಿದಾಗ ಉಜ್ಜುವುದು ಬೇಡವೇ ಬೇಡ. ಏಳುವ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ.

ಮಾಡಿನ ಮೇಲೆ ಮನೆಯವರು ಏನೇನು ಒಣಗಿಸುತ್ತಾರೆ ಎಂದೂ ವಿಚಾರಿಸಿ. ಕಡಲೆಕಾಯಿ, ಹುಣಸೆಹಣ್ಣು, ಮೆಣಸಿನಕಾಯಿ ಒಣಗಿಸುವುದು ಮಳೆಗಾಲಕ್ಕೆ ಮೊದಲು ಮುಗಿದರೆ ತೊಂದರೆಯಿಲ್ಲ, ಆದರೆ ಔಷಧಿ ಹೊಡೆಯುವ ಪಂಪನ್ನು ಅಲ್ಲಿಡುವ ರೂಢಿಯಿದ್ದರೆ ಅದಕ್ಕೆ ಬೇರೆ ಜಾಗ ಗೊತ್ತುಮಾಡಿಸಬೇಕು.

ತೊಟ್ಟಿಯ ಎತ್ತರ, ಸೂರಿನ ಎತ್ತರ

ಕಾಗದದ ಮೇಲೆ ಚೆನ್ನಾಗಿ ಕಾಣುವ ತೊಟ್ಟಿ ಅಂಗಳದಲ್ಲಿ ನಿಲ್ಲದಿರಲು ಸೂರಿನ ಎತ್ತರವೇ ಮುಖ್ಯ ಕಾರಣ. ಈ ಭಾಗದ ಹಳೆಯ ಮನೆಗಳ ಸೂರು ನೆಲದಿಂದ ಏಳಡಿ, ಅಂದರೆ 2.1 ಮೀಟರ್ ಇದ್ದರೆ ಹೆಚ್ಚು. ನಲ್ಲಿಯ ಕೆಳಗೆ ಬಿಂದಿಗೆ ನಿಲ್ಲಬೇಕಾದರೆ ತೊಟ್ಟಿಯ ತಳ ಕನಿಷ್ಠ 45 ಸೆಂ.ಮೀ. ಎತ್ತರದಲ್ಲಿರಬೇಕು. ಸೂರಿನಂಚಿನಲ್ಲಿ ಮಳೆನೀರು ಹಿಡಿಯುವ ದೋಣಿಯಿಂದ ತೊಟ್ಟಿಯ ಬಾಯಿಗೆ ನೀರು ಹರಿಯಲು, ನಡುವೆ ಜಾಲರಿ ಕೂರಿಸಲು 25 ಸೆಂ.ಮೀ. ಬೇಕು. ಉಳಿಯುವುದು 1.4 ಮೀಟರ್. ಎರಡು ಮೀಟರ್ ಎತ್ತರದ ಸಿದ್ಧ ಪ್ಲಾಸ್ಟಿಕ್ ಟ್ಯಾಂಕನ್ನು ಲಾರಿಯಲ್ಲಿ ತಂದಿಳಿಸಿದ ಮೇಲೆ ಇದು ಅರಿವಾದರೆ ಏನೂ ಮಾಡಲಾಗುವುದಿಲ್ಲ.

ಇದಕ್ಕೆ ಪರಿಹಾರ ಗಿಡ್ಡ, ಅಗಲ ತೊಟ್ಟಿ. ಒಳವ್ಯಾಸ 2.6 ಮೀಟರ್, ಎತ್ತರ 1.4 ಮೀಟರ್ ಇರಲಿ. ತಳದಿಂದ 5 ಸೆಂ.ಮೀ. ಮೇಲೆ ನಲ್ಲಿ, 1.37 ಮೀಟರ್ ಎತ್ತರದಲ್ಲಿ ಹೆಚ್ಚುವರಿ ನೀರಿನ ಪೈಪು ಇಟ್ಟರೆ ನಡುವಿನ 132 ಸೆಂ.ಮೀ.ನಲ್ಲಿ 7,000 ಲೀಟರ್ ನಿಲ್ಲುತ್ತದೆ. ನೆಲದೊಳಗಿನ ಸಂಪು ಅಗ್ಗವಾಗಿ ಕಂಡರೂ ನನ್ನ ಒಲವು ನೆಲದ ಮೇಲಿನ ತೊಟ್ಟಿಯ ಕಡೆಗೇ. ಸಂಪಿಗೆ ಕೊಡ ಇಳಿಬಿಡುವಾಗ ಹಗ್ಗದ ಜೊತೆ ಕೈಯ ಕೊಳೆಯೂ ಇಳಿಯುತ್ತದೆ, ಅಂಗಳದ ಕೊಚ್ಚೆ ಬಿರುಕಿನ ಮೂಲಕ ನುಗ್ಗುತ್ತದೆ, ಮಕ್ಕಳು ಬೀಳುವ ಭಯ ಬೇರೆ.

ಕಟ್ಟುವುದು

ಫೆರೋಸಿಮೆಂಟ್, ಅಂದರೆ ತಂತಿ ಜಾಲರಿಯ ಮೇಲೆ ಸಿಮೆಂಟ್ ಗಾರೆ ಮೆತ್ತಿ ತೆಳು ಗೋಡೆ ಕಟ್ಟುವುದು, ಇಲ್ಲಿಗೆ ಹೇಳಿ ಮಾಡಿಸಿದ ವಿಧಾನ: ಸಿಮೆಂಟು, ಮರಳು, ವೆಲ್ಡ್ ಮೆಶ್, ಚಿಕನ್ ಮೆಶ್ ಎಲ್ಲವೂ ತಾಲ್ಲೂಕು ಕೇಂದ್ರದಲ್ಲಿ ಸಿಗುತ್ತವೆ, ಊರಿನ ಗಾರೆ ಮೇಸ್ತ್ರಿ ಒಮ್ಮೆ ಕಲಿತರೆ ಮುಂದಿನ ತೊಟ್ಟಿಗೆ ನಿಮ್ಮ ಅಗತ್ಯವಿಲ್ಲ. ಒಂದಡಿ ಅಗೆದು, ಕಲ್ಲು ಸೋಲಿಂಗ್ ಹಾಕಿ, ಮೆಶ್ ಇಟ್ಟು 10 ಸೆಂ.ಮೀ. ಕಾಂಕ್ರೀಟ್ ತಳ ಹಾಕಿ. ತುಂಬಿದ ತೊಟ್ಟಿಯ ನೀರಿನ ಭಾರವೇ ಏಳು ಟನ್ ಮೀರುತ್ತದೆ. ಒಂದು ಬದಿ ಗಟ್ಟಿ ನೆಲ, ಇನ್ನೊಂದು ಬದಿ ತುಂಬಿದ ಮಣ್ಣು ಆದರೆ ಗೋಡೆ ಸೀಳುತ್ತದೆ. ಎರೆಮಣ್ಣಾದರೆ ಅದನ್ನು ಪೂರ್ತಿ ತೆಗೆದು ಗರಸು ತುಂಬಿ ಕುಟ್ಟಬೇಕು.

ಗೋಡೆ 3ರಿಂದ 4 ಸೆಂ.ಮೀ. ದಪ್ಪ. ವೆಲ್ಡ್ ಮೆಶ್ ಗೂಡಿನ ಒಳಗೂ ಹೊರಗೂ ಚಿಕನ್ ಮೆಶ್ ಬಿಗಿದು ಕಟ್ಟಿ, ಒಂದು ಪಾಲು ಸಿಮೆಂಟಿಗೆ ಎರಡು ಅಥವಾ ಎರಡೂವರೆ ಪಾಲು ಜರಡಿ ಹಿಡಿದ ಮರಳು ಸೇರಿಸಿ, ನೀರು ಮಿತವಾಗಿ ಹಾಕಿ, ಒಂದು ಪದರವನ್ನು ನಡುವೆ ನಿಲ್ಲಿಸದೆ ಅದೇ ದಿನ ಮುಗಿಸಬೇಕು. ಮರುದಿನದಿಂದ ಕನಿಷ್ಠ 14 ದಿನ ಗೋಣಿಚೀಲ ಹೊದಿಸಿ ತೇವ ಆರದಂತೆ ನೋಡಿಕೊಳ್ಳುವುದು ಮನೆಯವರ ಹೊಣೆ, ಅದನ್ನು ಏಕೆ ಮಾಡಬೇಕೆಂದು ತಿಳಿಸುವುದು ನಿಮ್ಮ ಹೊಣೆ. ಈ ಕೆಲಸಕ್ಕೆ ಬೋರಿನ ನೀರೇ ಸಾಕು. ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಕಟ್ಟಿ ಮುಗಿಸಿ. ಏಪ್ರಿಲ್ ಬಿಸಿಲಿಗೆ ಗಾರೆ ಗಟ್ಟಿಯಾಗುವ ಮೊದಲೇ ಒಣಗಿ ಕೂದಲೆಳೆಯ ಬಿರುಕು ಬಿಡುತ್ತದೆ.

ಕಟ್ಟಿದ ತೊಟ್ಟಿಯನ್ನು ತುಂಬಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ, ಎರಡು ದಿನ ಬಿಟ್ಟು ನೋಡಿ. ಹೊಸ ಸಿಮೆಂಟಿನ ಸುಣ್ಣದ ರುಚಿ ಹೋಗಲು ಆ ನೀರನ್ನು ಪೂರ್ತಿ ಹೊರಬಿಟ್ಟು ಒಳಗನ್ನು ತೊಳೆಯಬೇಕು. ಮುಚ್ಚಳ ಬೆಳಕು ನುಗ್ಗದಷ್ಟು ಬಿಗಿಯಾಗಿರಲಿ, ಹೆಚ್ಚುವರಿ ನೀರಿನ ಪೈಪಿಗೆ ಸೊಳ್ಳೆ ಹೋಗದ ಸಣ್ಣ ಜಾಲರಿ ಕಟ್ಟಿ, ನಲ್ಲಿಗೆ ಬೀಗದ ವ್ಯವಸ್ಥೆ ಮಾಡಿ. ಹೆಚ್ಚುವರಿ ನೀರು ತೊಟ್ಟಿಯ ಬುಡದಲ್ಲಿ ನಿಲ್ಲದೆ ದೂರದ ಇಂಗುಗುಂಡಿಗೆ ಹೋಗಲಿ.

ಮೊದಲ ಮಳೆಯನ್ನು ಹೊರಬಿಡುವುದು

ನೀರು ಕೆಡುವುದು ಹೆಚ್ಚಾಗಿ ಮಾಡಿನ ಮೇಲೆಯೇ. ತಿಂಗಳುಗಟ್ಟಲೆ ಕುಳಿತ ಧೂಳು, ಹಕ್ಕಿ ಹಿಕ್ಕೆ, ಒಲೆಯ ಮಸಿ ಎಲ್ಲವೂ ಮೊದಲ ನೀರಿನೊಂದಿಗೆ ಇಳಿಯುತ್ತವೆ. ಪ್ರತಿ ಮಳೆಯ ಮೊದಲ ಒಂದೆರಡು ಮಿಲಿಮೀಟರನ್ನು ಹೊರಬಿಡಬೇಕೆಂದರೆ 40 ಚದರ ಮೀಟರಿಗೆ 40ರಿಂದ 80 ಲೀಟರ್ ಆಯಿತು. ಅನೇಕ ಕಡೆ ನಾಲ್ಕಿಂಚಿನ ಪೈಪಿನ ಒಂದು ಮೀಟರ್ ತುಂಡನ್ನು ಇದಕ್ಕೆಂದು ನಿಲ್ಲಿಸಿರುತ್ತಾರೆ. ಅದರಲ್ಲಿ ಹಿಡಿಯುವುದು ಸುಮಾರು 8 ಲೀಟರ್ ಮಾತ್ರ. ಇದು ತೋರಿಕೆಯ ವ್ಯವಸ್ಥೆ. ಅದರ ಬದಲು ಆರಿಂಚಿನ ಪೈಪನ್ನು ಎರಡು ಮೀಟರಿಗಿಂತ ಉದ್ದ ಅಡ್ಡಲಾಗಿ ಇರಿಸಬಹುದು, ಇಲ್ಲವೇ 60 ಲೀಟರಿನ ಮುಚ್ಚಿದ ಡ್ರಮ್ಮನ್ನು ಜೋಡಿಸಬಹುದು. ಯಾವುದಾದರೂ ತಳದಲ್ಲಿ ಬಿಚ್ಚಿ ತೊಳೆಯುವ ಮುಚ್ಚಳ ಇರಬೇಕು, ಮಳೆ ನಿಂತ ಮೇಲೆ ತಾನಾಗಿ ಖಾಲಿಯಾಗಲು ಸಣ್ಣ ತೂತು ಬೇಕು. ಮೇ ತಿಂಗಳ ಮೊದಲ ಎರಡು ಮೂರು ಮಳೆಗಳನ್ನಂತೂ ಪೂರ್ತಿಯಾಗಿ ಹೊರಕ್ಕೇ ಬಿಡಿ, ಅವು ಮಾಡು ತೊಳೆಯಲಿ.

ದೋಣಿಗೆ ಮೀಟರಿಗೆ ಒಂದು ಸೆಂ.ಮೀ. ಇಳಿಜಾರು ಸಾಕು. ಗಂಟೆಗೆ 100 ಮಿ.ಮೀ. ವೇಗದ ಬಿರುಮಳೆಯಲ್ಲಿ ಈ ಮಾಡಿನಿಂದ ಸೆಕೆಂಡಿಗೆ ಒಂದು ಲೀಟರಿಗಿಂತ ತುಸು ಹೆಚ್ಚು ನೀರು ಬರುತ್ತದೆ. ಬಕೆಟ್ಟಿನಲ್ಲಿ ಮರಳು, ಜಲ್ಲಿ, ಇದ್ದಿಲು ತುಂಬಿದ ಸೋಸುಕ ಆ ವೇಗವನ್ನು ತಾಳದೆ ತುಂಬಿ ಹೊರಚೆಲ್ಲುತ್ತದೆ, ಬೇಸತ್ತ ಮನೆಯವರು ಒಂದು ದಿನ ಅದನ್ನು ಕಿತ್ತಿಡುತ್ತಾರೆ. ಬಿಚ್ಚಿ ತೊಳೆಯಲು ಬರುವ ಸ್ಟೀಲ್ ಜಾಲರಿಯೇ ಲೇಸು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಎ.ಆರ್. ಶಿವಕುಮಾರ್ ಅವರು ರೂಪಿಸಿದ ಪಾಪ್‌ಅಪ್ ಫಿಲ್ಟರ್ ಕೂಡ ಸುಲಭವಾಗಿ ತೊಳೆಯಬಹುದಾದದ್ದು.

ಸೂಕ್ಷ್ಮಜೀವಿಗಳ ಪರೀಕ್ಷೆ

ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆಂದ ಮಾತ್ರಕ್ಕೆ ರೋಗಾಣುಗಳಿಲ್ಲವೆಂದಲ್ಲ. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಎಚ್2ಎಸ್ (ಹೈಡ್ರೋಜನ್ ಸಲ್ಫೈಡ್) ಬಾಟಲಿ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು: ನೀರು ತುಂಬಿಟ್ಟ ಬಾಟಲಿ ಒಂದೆರಡು ದಿನದಲ್ಲಿ ಕಪ್ಪಾದರೆ ಮಲಿನತೆ ಇದೆಯೆಂದು ಅರ್ಥ. ಆಗ ಸುಮಾರು 25 ಗ್ರಾಂ ಹೊಸ ಬ್ಲೀಚಿಂಗ್ ಪೌಡರನ್ನು ಬಕೆಟ್ ನೀರಿನಲ್ಲಿ ಕಲಕಿ, ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ತುಂಬಿದ ತೊಟ್ಟಿಗೆ ಸುರಿಯಬೇಕು. ಅರ್ಧ ಗಂಟೆಯ ನಂತರ ನಲ್ಲಿಯ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಕ್ಲೋರಿನ್ ಉಳಿದಿರಬೇಕು. ನೀರು ಕಡಿಮೆಯಿದ್ದಾಗ ಪುಡಿಯೂ ಅದೇ ಪ್ರಮಾಣದಲ್ಲಿ ಕಡಿಮೆಯಾಗಲಿ. ಚಿಕ್ಕ ಮಕ್ಕಳಿಗೆ ಕುದಿಸಿ ಆರಿಸಿದ ನೀರು ಒಳ್ಳೆಯದು; ಮಳೆನೀರಿನ ವಿಷಯದಲ್ಲಿ ಕುದಿಸುವುದು ನಿಜವಾಗಿ ಫಲ ಕೊಡುತ್ತದೆ.

ಮೊದಲ ವಾರಗಳಲ್ಲಿ 'ನೀರು ಸಪ್ಪೆ' ಎಂಬ ದೂರು ಬಂದೇ ಬರುತ್ತದೆ. ಉಪ್ಪಿನ ಅಂಶವಿರುವ ಬೋರಿನ ನೀರಿಗೆ ಒಗ್ಗಿದ ನಾಲಿಗೆಗೆ ಅದು ಸಹಜ. ಬೇಳೆ ಬೇಗ ಬೇಯುವುದನ್ನು ಅಡುಗೆ ಮಾಡುವವರು ಬೇಗನೆ ಗಮನಿಸುತ್ತಾರೆ, ಮನೆಯವರ ಮನಸ್ಸು ಒಲಿಯಲು ಅದೇ ದಾರಿ.

ಅಳತೆ ಕೋಲು

ಈ ವ್ಯವಸ್ಥೆಯಲ್ಲಿ ಅತಿ ಅಗ್ಗದ, ಆದರೆ ನನಗೆ ಅತಿ ಮುಖ್ಯವೆನಿಸುವ ಭಾಗ ಒಂದು ಅಳತೆ ಕೋಲು. ತೊಟ್ಟಿಯ ಹೊರಗೋಡೆಗೆ ಪಾರದರ್ಶಕ ಪೈಪನ್ನು ಜೋಡಿಸುವ ಕ್ರಮವೂ ಇದೆ, ಆದರೆ ಬೆಳಕಿಗೆ ಅದರೊಳಗೆ ಪಾಚಿ ಕಟ್ಟುತ್ತದೆ. ಮುಚ್ಚಳದ ಪಕ್ಕದ ಸಣ್ಣ ಕಿಂಡಿಯಿಂದ ಇಳಿಸುವ, ಬೇರೆ ಕೆಲಸಕ್ಕೆ ಬಳಸದ, ತೊಳೆದಿಟ್ಟ ಅಲ್ಯೂಮಿನಿಯಂ ಕೋಲು ಮೇಲು. ಈ ತೊಟ್ಟಿಯಲ್ಲಿ ಒಂದು ಸೆಂ.ಮೀ. ಎಂದರೆ 53 ಲೀಟರ್. ದಿನಕ್ಕೆ ಎರಡು ಬಿಂದಿಗೆಯಂತೆ ಜೂನ್ ಮಧ್ಯದವರೆಗೆ ನೀರು ಬರಬೇಕಾದರೆ ಸಂಕ್ರಾಂತಿಯಂದು ನಲ್ಲಿಯ ಮಟ್ಟದಿಂದ ಮೇಲೆ 86 ಸೆಂ.ಮೀ., ಯುಗಾದಿಯ ಹೊತ್ತಿಗೆ 42 ಸೆಂ.ಮೀ. ನೀರಿರಬೇಕು. ಕೋಲಿನ ಮೇಲೆ ಸೆಂಟಿಮೀಟರ್ ಬರೆಯುವ ಬದಲು ಈ ಎರಡು ಗೆರೆಗಳನ್ನು ಕೆಂಪು ಬಣ್ಣದಲ್ಲಿ ಎಳೆದು ಸಂಕ್ರಾಂತಿ, ಯುಗಾದಿ ಎಂದೇ ಬರೆಯಿರಿ. ಓದಲು ಬಾರದ ಅಜ್ಜಿಗೂ ಯಾವ ಗೆರೆ ಯಾವ ಹಬ್ಬದ್ದೆಂದು ನೆನಪಿರುತ್ತದೆ. ನೀರು ಗೆರೆಯಿಂದ ಕೆಳಗಿದ್ದರೆ ಅಂದಿನಿಂದಲೇ ಬಿಗಿ ಹಿಡಿಯಬೇಕು: ನೆಂಟರು ಬಂದಾಗ ಕೈತೊಳೆಯಲು ಬೇರೆ ನೀರು, ಪಾತ್ರೆಗೆ ಬೇರೆ ನೀರು.

ಮದುವೆ, ತಿಥಿ, ಜಾತ್ರೆಯ ದಿನಗಳಿಗೆ ಈ ತೊಟ್ಟಿಯ ನೀರನ್ನು ಮುಟ್ಟದಿರುವುದು, ನೆರೆಮನೆಯ ಹಸುಗೂಸಿಗೆ ಮಾತ್ರ ಒಂದು ಚೊಂಬು ಇಲ್ಲವೆನ್ನದಿರುವುದು, ಇಂಥ ನಿಯಮಗಳನ್ನು ನೀವು ಬರೆದುಕೊಡಬೇಡಿ. ತೊಟ್ಟಿ ಪಡೆದ ಮನೆಯವರೆಲ್ಲ ಒಂದೆಡೆ ಕುಳಿತು ತಾವೇ ಮಾಡಿಕೊಳ್ಳಲಿ. ಹಾಗೆ ಮಾಡಿಕೊಂಡದ್ದು ಉಳಿಯುತ್ತದೆ.

ಕಟ್ಟಿದ ಮೇಲಿನ ವರ್ಷಗಳು

2002ರಲ್ಲಿ ಅಮೆರಿಕದಲ್ಲಿ ಆರಂಭವಾದ ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆಯ ಸ್ವಯಂಸೇವಕ ತಂಡಗಳು ಒಂದು ಊರನ್ನು ಒಪ್ಪಿಕೊಂಡರೆ ಕನಿಷ್ಠ ಐದು ವರ್ಷ ಅದರ ಜೊತೆಗಿರಬೇಕೆಂಬ ನಿಯಮವನ್ನು ಇಟ್ಟುಕೊಂಡಿವೆ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ತಲುಪಬಹುದಾದ ಊರುಗಳಿಗೆ ಅಷ್ಟನ್ನೂ ಕೊಡಲಾರೆವೆಂದರೆ ಕೆಲಸವನ್ನು ಕೈಗೆತ್ತಿಕೊಳ್ಳದಿರುವುದೇ ಸರಿ. ವರ್ಷಕ್ಕೆ ಎರಡು ಭೇಟಿಗಳು ಅನಿವಾರ್ಯ. ಒಂದು ಮೇ ತಿಂಗಳಲ್ಲಿ: ತಳಕ್ಕೆ ಬಂದ ತೊಟ್ಟಿಯನ್ನು ಮನೆಯವರೊಡನೆ ತೊಳೆದು, ದೋಣಿಯ ಕೊಂಡಿಗಳನ್ನು ಬಿಗಿದು, ಜಾಲರಿ ಹರಿದಿದ್ದರೆ ಬದಲಿಸಲು. ತೊಟ್ಟಿಯೊಳಗೆ ಇಳಿಯುವವರ ಜೊತೆ ಹೊರಗೆ ಒಬ್ಬರು ಇರಲೇಬೇಕು, ಮುಚ್ಚಳ ತೆರೆದು ಗಾಳಿಯಾಡಿದ ಮೇಲೆಯೇ ಇಳಿಯಬೇಕು. ಇನ್ನೊಂದು ನವೆಂಬರ್‌ನಲ್ಲಿ: ತುಂಬಿದ ನೀರಿನ ಪರೀಕ್ಷೆಗೆ ಮತ್ತು ಕೋಲಿನ ಮಟ್ಟ ಬರೆದುಕೊಳ್ಳಲು.

ಪ್ರತಿ ಮನೆಗೂ ಒಂದು ಹಾಳೆಯಷ್ಟು ದಾಖಲೆ ಸಾಕು: ಮಾಡಿನ ಅಳತೆ, ತೊಟ್ಟಿಯ ಅಳತೆ, ಕಟ್ಟಿದ ಮೇಸ್ತ್ರಿಯ ಹೆಸರು, ನಲ್ಲಿ ಮತ್ತು ಜಾಲರಿಯ ಗಾತ್ರ, ಬಿಡಿಭಾಗ ಸಿಗುವ ಅಂಗಡಿ, ಆಯಾ ವರ್ಷದ ಪರೀಕ್ಷೆಯ ಫಲ. ಒಂದು ಪ್ರತಿ ಮನೆಯಲ್ಲಿ ಪಡಿತರ ಚೀಟಿಯ ಜೊತೆಗಿರಲಿ, ಇನ್ನೊಂದು ಪಂಚಾಯಿತಿಯ ಕಡತದಲ್ಲಿ. ಕೂದಲೆಳೆಯ ಬಿರುಕು ಕಂಡರೆ ತೊಟ್ಟಿಯ ನೀರು ತಳಕ್ಕಿಳಿಯುವ ಮೇ ತಿಂಗಳಲ್ಲಿ ಆ ಜಾಗವನ್ನು ಸ್ವಲ್ಪ ಕೆತ್ತಿ, ತೊಳೆದು, ಸಿಮೆಂಟ್ ತಿಳಿ ಬಳಿದು, ಹೊಸ ಗಾರೆ ತುಂಬಿ ಮತ್ತೆ ಒಂದು ವಾರ ಗೋಣಿ ಹೊದಿಸಿದರೆ ಸರಿಹೋಗುತ್ತದೆ. ಆ ಕೆಲಸವನ್ನು ಊರಿನ ಮೇಸ್ತ್ರಿಯೇ ಮಾಡಲಿ, ನೀವು ಪಕ್ಕದಲ್ಲಿ ನಿಂತಿರಿ.